ಬಾಂಬರ್ ವೈಮಾನಿಕನ ವಿದ್ಯೆ ಮತ್ತು ಹೊಣೆ

ಯುದ್ಧವಿಮಾನದ ಚಾಲಕನೆಂದೊಡನೆ ಏಕಾಂಗಿ ಸಾಹಸಿಯೊಬ್ಬನ ಚಿತ್ರ ನಮ್ಮ ಕಣ್ಣ ಮುಂದೆ ನಿಲ್ಲುವುದು ಸಹಜ. ಆದರೆ ಬಾಂಬರ್ ವಿಮಾನದ ಚಾಲಕನು ಏಕಾಂಗಿಯಲ್ಲ. ದಾರಿಯ ಲೆಕ್ಕ ಹಾಕುವವನು, ನಿಸ್ತಂತು ಯಂತ್ರ ನೋಡಿಕೊಳ್ಳುವವನು, ಬಾಂಬು ಹಾಕುವವನು, ಬಂದೂಕುಗಾರರು, ಹೀಗೆ ಸಂಗಡಿಗರೆಲ್ಲರ ಪ್ರಾಣವೂ ಅವನ ಕೈಯಲ್ಲಿರುತ್ತದೆ. ಈ ಹೊಣೆಯನ್ನು ಹೊರಲು ಒಬ್ಬ ತರುಣನು ಹೇಗೆ ಸಿದ್ಧನಾಗುತ್ತಿದ್ದನೆಂಬುದಕ್ಕೆ ಎರಡನೆಯ ಮಹಾಯುದ್ಧದ ಬ್ರಿಟಿಷ್ ವೈಮಾನಿಕ ಲೆನಾರ್ಡ್ ಚೆಷೈರ್ ಅವರ ಜೀವನವು ಉತ್ತಮ ನಿದರ್ಶನವಾಗಿದೆ.

1917ರಲ್ಲಿ ಜನಿಸಿದ ಚೆಷೈರ್, ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದುತ್ತಿರುವಾಗಲೇ ವಿಶ್ವವಿದ್ಯಾನಿಲಯದ ವಾಯುದಳವನ್ನು ಸೇರಿ ಹಾರಾಟ ಕಲಿತರು. 1940ರ ಜೂನ್ ತಿಂಗಳಿನಲ್ಲಿ ಅವರನ್ನು ವಿಟ್ಲಿ ವಿಮಾನಗಳಿದ್ದ 102ನೆಯ ಸ್ಕ್ವಾಡ್ರನ್ನಿಗೆ ಕಳುಹಿಸಲಾಯಿತು. ಅಲ್ಲಿ ಹೊಸಬನಿಗೆ ವಿಮಾನವನ್ನು ಕೂಡಲೇ ಒಪ್ಪಿಸುತ್ತಿರಲಿಲ್ಲ. ಅನುಭವಿಯೊಬ್ಬನ ಪಕ್ಕದಲ್ಲಿ ಎರಡನೆಯ ಚಾಲಕನಾಗಿ ಕುಳಿತು ಕಲಿಯಬೇಕಾಗಿತ್ತು. ಅವರಿಗೆ ದೊರೆತ ಗುರು ನ್ಯೂಜಿಲೆಂಡಿನ ಲಾಂಗ್ ಎಂಬ ವೈಮಾನಿಕ. ಕಣ್ಣು ಕಟ್ಟಿಕೊಂಡು ಕುಳಿತರೂ ಪ್ರತಿಯೊಂದು ಹಿಡಿಕೆ, ಗುಂಡಿಗಳನ್ನು ಕೈ ತಾನಾಗಿಯೇ ಗುರುತಿಸಬೇಕೆಂಬುದು ಆತನ ಪಾಠ. ರಾತ್ರಿಯ ದಾಳಿಯಲ್ಲಿ ದೀಪ ಆರಿದರೆ ಹುಡುಕುವುದಕ್ಕೆ ಸಮಯವಿರುವುದಿಲ್ಲವಲ್ಲ! ಇಷ್ಟಕ್ಕೆ ಮುಗಿಯಲಿಲ್ಲ. ಸಂಗಡಿಗರ ಸ್ಥಾನಗಳಲ್ಲಿಯೂ ತನ್ನನ್ನಿರಿಸಿಕೊಂಡು ಅವರ ಕಷ್ಟವನ್ನು ಅರಿಯಬೇಕೆಂದು ಆತ ವಿಧಿಸಿದ್ದ.

ಈ ವಿದ್ಯೆಯ ಪರೀಕ್ಷೆ ಅದೇ ವರ್ಷದ ನವೆಂಬರಿನಲ್ಲಿ ಬಂದಿತು. ಜರ್ಮನಿಯ ಮೇಲೆ ಹಾರುತ್ತಿರುವಾಗ ಶತ್ರುವಿನ ಗುಂಡಿನೇಟಿನಿಂದ ವಿಮಾನದೊಳಗಿದ್ದ ಬೆಳಕಿನ ಬಾಣ ಸಿಡಿದು, ಒಂದು ಪಕ್ಕವೇ ಹರಿದು ಬೆಂಕಿ ಹತ್ತಿತು. ನಿಸ್ತಂತು ನೋಡಿಕೊಳ್ಳುತ್ತಿದ್ದವನು ತೀವ್ರವಾಗಿ ಸುಟ್ಟುಕೊಂಡನು. ಸಂಗಡಿಗರು ಬೆಂಕಿ ನಂದಿಸಿದರು. ಚೆಷೈರ್ ಆ ಭಗ್ನ ವಿಮಾನವನ್ನು ಇಂಗ್ಲೆಂಡಿಗೆ ಮರಳಿ ತಂದರು.

ಎಲ್ಲರಿಗೂ ಈ ಭಾಗ್ಯವಿರಲಿಲ್ಲ. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಮಡಿದರು. ಅವರು ಹಾಕಿದ ಬಾಂಬುಗಳಿಗೆ ಬಲಿಯಾದ ಜರ್ಮನಿಯ ನಾಗರಿಕರ ಸಂಖ್ಯೆಯಾದರೋ ಲಕ್ಷಗಟ್ಟಲೆ. ಕೆಳಗಿರುವವರ ಪ್ರಾಣಕ್ಕೆ ಹೊಣೆ ಯಾರು ಎಂಬ ಪ್ರಶ್ನೆಯಿಂದ ವೈಮಾನಿಕನ ಶೌರ್ಯವನ್ನು ಬೇರ್ಪಡಿಸಲು ಬರುವುದಿಲ್ಲ.

1943ರಲ್ಲಿ, 25ರ ವಯಸ್ಸಿಗೇ ಗ್ರೂಪ್ ಕ್ಯಾಪ್ಟನ್ ಆಗಿದ್ದ ಚೆಷೈರ್, ಯುದ್ಧಕ್ಕೆ ಮರಳುವ ಸಲುವಾಗಿ ತಮ್ಮ ದರ್ಜೆಯನ್ನು ಇಳಿಸಿಕೊಂಡು 617ನೆಯ ಸ್ಕ್ವಾಡ್ರನ್ನಿನ ನಾಯಕತ್ವ ವಹಿಸಿದರು. 1944ರ ಫೆಬ್ರವರಿಯಲ್ಲಿ ಫ್ರಾನ್ಸಿನ ಲಿಮೋಜ್ ನಗರದಲ್ಲಿ ಜರ್ಮನರ ವಶದಲ್ಲಿದ್ದ ವಿಮಾನಯಂತ್ರ ಕಾರ್ಖಾನೆಯನ್ನು ನಾಶಗೊಳಿಸಬೇಕಾಗಿತ್ತು. ಒಳಗೆ ದುಡಿಯುತ್ತಿದ್ದವರು ಫ್ರೆಂಚ್ ಕಾರ್ಮಿಕರು, ಬಹುಮಂದಿ ಸ್ತ್ರೀಯರು. ಚೆಷೈರ್ ತಮ್ಮ ವಿಮಾನವನ್ನು ಅತಿ ತಗ್ಗಿನಲ್ಲಿ ಮೂರು ಬಾರಿ ಕಾರ್ಖಾನೆಯ ಮೇಲೆ ಹಾರಿಸಿ, ಓಡಿಹೋಗಿರೆಂದು ಸೂಚನೆ ಕೊಟ್ಟರು. ಅವರು ಹೊರಬಿದ್ದ ಬಳಿಕವೇ ಗುರಿಯನ್ನು ಬೆಳಕಿನಿಂದ ಗುರುತಿಸಿದರು. ಎಚ್ಚರಿಕೆಯು ಶತ್ರುವಿಗೂ ಎಚ್ಚರಿಕೆಯೇ ಎಂಬುದನ್ನು ಅರಿತೇ ಅವರು ಹಾಗೆ ಮಾಡಿದರು.

100 ದಾಳಿಗಳನ್ನು ಪೂರೈಸಿದ ಅವರಿಗೆ 1944ರ ಸೆಪ್ಟೆಂಬರಿನಲ್ಲಿ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಒಂದು ಗಳಿಗೆಯ ಸಾಹಸಕ್ಕಲ್ಲ, ನಾಲ್ಕು ವರ್ಷಗಳ ಎಡೆಬಿಡದ ಧೈರ್ಯಕ್ಕೆ ಸಂದ ಗೌರವವದು. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಪರಮಾಣು ಬಾಂಬು ಬಿದ್ದುದನ್ನು ಬ್ರಿಟನ್ನಿನ ಅಧಿಕೃತ ವೀಕ್ಷಕರಾಗಿ ಅವರು ಆಕಾಶದಿಂದ ಕಂಡರು.

ಮರುವರ್ಷ ಸೇನೆಯನ್ನು ಬಿಟ್ಟರು. 1948ರಲ್ಲಿ, ದಿಕ್ಕಿಲ್ಲದ ರೋಗಿಯೊಬ್ಬರನ್ನು ತಮ್ಮ ಮನೆಗೆ ಕರೆತಂದು ಕೊನೆಯವರೆಗೂ ತಾವೇ ಶುಶ್ರೂಷೆ ಮಾಡಿದರು. ಅದರಿಂದ ಬೆಳೆದವು ಅಂಗವಿಕಲರ ಆಸರೆಯಾದ ಚೆಷೈರ್ ಹೋಮ್‌ಗಳು. ನಮ್ಮ ಬೆಂಗಳೂರಿಗೂ ಅವು ಬಂದವು. ಚೆಷೈರ್ 1992ರಲ್ಲಿ ನಿಧನರಾದರು. ಇನ್ನೊಬ್ಬರ ಸ್ಥಾನದಲ್ಲಿ ನಿಂತು ನೋಡೆಂದು ವಿಮಾನದಲ್ಲಿ ಕಲಿತ ಪಾಠ ರೋಗಿಯ ಹಾಸಿಗೆಯ ಬಳಿಯಲ್ಲಿಯೂ ಅವರ ಕೈಬಿಡಲಿಲ್ಲ.