ಕನ್ನಡ-ಮರಾಠಿ: ಕುಲ ಬೇರೆ, ನೆರೆ ಒಂದು

ಬೆಳಗಾವಿ ಹಾಗೂ ಖಾನಾಪುರ ಸೀಮೆಯ ಶಾಲೆಗಳಲ್ಲಿ ಕನ್ನಡವನ್ನು ಬೋಧಿಸುವವರಿಗೆ ಒಂದು ಸಂಗತಿ ನಿತ್ಯಾನುಭವದ್ದಾಗಿದೆ. ಮನೆಯಲ್ಲಿ ಮರಾಠಿಯನ್ನಾಡುವ ಬಾಲಕನು ಸ್ವಲ್ಪ ಕಾಲದಲ್ಲಿಯೇ ಕನ್ನಡವನ್ನು ಧಾರಾಳವಾಗಿ ಮಾತನಾಡತೊಡಗುತ್ತಾನೆ. ಆದರೆ ಮೇಲಿನ ತರಗತಿಗೆ ಬಂದ ಮೇಲೂ ‘ಬಸ್ಸು ಬಂದಳು’, ‘ಇದು ನಮ್ಮ ಶಾಲೆ ಇದೆ’ ಎಂಬಂತಹ ವಾಕ್ಯಗಳು ಅವನ ಲೇಖನಿಯಿಂದ ಆಗಾಗ ಇಳಿಯುತ್ತವೆ. ಸುಲಭವಾಗಿ ಬಂದುದು ಯಾವುದು, ಬಾರದೆ ಉಳಿದುದು ಯಾವುದು ಎಂಬುದನ್ನು ವಿಚಾರಿಸದೆ ಕೆಂಪು ಮಸಿಯ ಗೆರೆಯೆಳೆದು ಅಂಕಗಳನ್ನು ಕಳೆಯುವುದು ನ್ಯಾಯವೆನಿಸದು. ಎರಡೂ ನುಡಿಗಳ ಸ್ವರೂಪವನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ತಪ್ಪುಗಳ ಹುಟ್ಟು ತಿಳಿಯುತ್ತದೆ.

ಕನ್ನಡವು ದ್ರಾವಿಡ ವರ್ಗಕ್ಕೆ ಸೇರಿದುದು. ತಮಿಳು, ತೆಲುಗು, ಮಲಯಾಳ, ತುಳು ಇದರ ಸೋದರಿಯರು. ಮರಾಠಿಯು ಪ್ರಾಕೃತದ ಸಂತತಿ. 1816ರಲ್ಲಿ ಎಲ್ಲಿಸ್‌ ಸಾಹೇಬರೂ 1856ರಲ್ಲಿ ಕಾಲ್ಡ್‌ವೆಲ್ ಪಂಡಿತರೂ ದಕ್ಷಿಣದ ನುಡಿಗಳು ಸಂಸ್ಕೃತಜನ್ಯವಲ್ಲವೆಂದು ತೋರಿಸಿಕೊಟ್ಟ ಮೇಲೆ ಈ ಭೇದದಲ್ಲಿ ಸಂದೇಹಕ್ಕೆಡೆಯಿಲ್ಲ. ಪದಸಾಮ್ಯವನ್ನು ಕಂಡು ಎರಡೂ ಒಂದೇ ಕುಲವೆಂದು ವಾದಿಸುವವರು ಇಂದಿಗೂ ಉಂಟು. ಆದರೆ ಪದಗಳು ಸಂತೆಯ ಸರಕಿನಂತೆ ಕೈಯಿಂದ ಕೈಗೆ ದಾಟುತ್ತವೆ. ಅಣ್ಣಾ, ಅಕ್ಕಾ ಎಂಬ ಸಂಬೋಧನೆಗಳೂ ಅಡಕೆ ಕತ್ತರಿಸುವ ‘ಅಡಕಿತ್ತಾ’ ಎಂಬುದೂ ಇಲ್ಲಿಂದ ಅಲ್ಲಿಗೆ ಹೋದವು. ಚಹಾ, ಬರೋಬರಿ ಎಂಬಿವು ಅಲ್ಲಿಂದ ಇಲ್ಲಿಗೆ ಬಂದವು. ‘ಪಗಾರ’ವಂತೂ ಪೋರ್ಚುಗೀಸರಿಂದ ಹೊರಟು ನಮ್ಮ ಜೇಬು ಸೇರಿದೆ! ಕುಲವನ್ನರಿಯಲು ಸಂಖ್ಯೆ, ಸರ್ವನಾಮಗಳನ್ನೇ ನೋಡಬೇಕು. ಒಂದು, ಎರಡು, ಮೂರು ಎಂಬಲ್ಲಿ ಮರಾಠಿಗೆ ಏಕ, ದೋನ, ತೀನ.

ಹೀಗೆ ಕುಲವು ಬೇರೆಯಾದರೂ ವಾಕ್ಯದ ಒಡಲು ಒಂದಾಗಿರುವ ಬಗೆಯನ್ನು ಕಾಣಲು ಗ್ರಂಥಭಂಡಾರಕ್ಕೆ ಹೋಗಬೇಕಿಲ್ಲ. ಬೆಳಗಾವಿಯ ಆಟೋ ನಗರದಲ್ಲಿ ವಾಹನ ದುರಸ್ತಿಯ ಗ್ಯಾರೇಜಿನ ಮುಂದೆ ಅರೆಗಳಿಗೆ ನಿಂತರೆ ಸಾಕು. ‘ಮಲಾ ಚಹಾ ಪಾಹಿಜೆ’ ಎಂದು ಒಬ್ಬ ಮಿಸ್ತ್ರಿ, ‘ನನಗ ಚಹಾ ಬೇಕು’ ಎಂದು ಇನ್ನೊಬ್ಬ. ಎರಡರಲ್ಲಿಯೂ ಬೇಕೆನ್ನುವವನು ಚತುರ್ಥೀ ವಿಭಕ್ತಿಯಲ್ಲಿದ್ದಾನೆ. ಒಲ್ಲದವನಿಗೆ ಅಲ್ಲಿ ‘ನಕೋ’, ಇಲ್ಲಿ ‘ಬ್ಯಾಡ’. ನಟ್ಟು ತಿರುಗಿಸುವ ಪಾನಾ ಬೇಕಾದರೆ ‘ಪಾನಾ ಘೇಊನ ಯೇ’, ‘ಪಾನಾ ತಗೊಂಡು ಬಾ’. ಎರಡರಲ್ಲಿಯೂ ಮೊದಲ ಕ್ರಿಯೆ ಕೃದಂತಾವ್ಯಯವಾಗಿ ನಿಂತು ಪೂರ್ಣಕ್ರಿಯೆಯು ಕೊನೆಗೆ ಬರುತ್ತದೆ. ಇವೆಲ್ಲಕ್ಕಿಂತ ಸೋಜಿಗವಾದುದು ನಮ್ಮ ‘ಎಂದು’. ಇದು ‘ಎನ್’ ಧಾತುವಿನಿಂದ ಬಂದುದು. ಮರಾಠಿಯ ‘ಮ್ಹಣೂನ’ ಎಂಬುದೂ ‘ಹೇಳು’ ಎಂಬರ್ಥದ ‘ಮ್ಹಣ’ ಧಾತುವಿನದೇ. ‘ಮಳೆ ಬಂದೀತೆಂದು ಕೊಡೆ ತಂದೆನು’ ಎಂಬಲ್ಲಿ ಯಾರೂ ಏನನ್ನೂ ಬಾಯಿಬಿಟ್ಟು ಹೇಳಿಲ್ಲ. ಆದರೂ ಎರಡು ನುಡಿಗಳೂ ಕಾರಣವನ್ನು ಸೂಚಿಸಲು ಹೇಳಿಕೆಯ ಧಾತುವನ್ನೇ ಹಿಡಿದಿವೆ. ಸಂಸ್ಕೃತದ ‘ಇತಿ’ ಈ ಸ್ಥಾನದಲ್ಲಿ ನಿಲ್ಲುವುದು ನಿಜ, ಆದರೆ ಅದು ಧಾತುಜವಲ್ಲ.

ಇಂತಹ ಸಾಮ್ಯಗಳನ್ನು ಗಮನಿಸಿ ಎಮೆನೊ ಎಂಬ ವಿದ್ವಾಂಸರು 1956ರಲ್ಲಿ ಭಾರತವನ್ನೇ ಒಂದು ಭಾಷಾಕ್ಷೇತ್ರವೆಂದು ಕರೆದರು. 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಎಂಬವರು ಸಾಂಗಲಿ ಜಿಲ್ಲೆಯ ಕುಪ್ವಾರ ಗ್ರಾಮದ ಭಾಷಾಸ್ಥಿತಿಯನ್ನು ಕುರಿತು ಬರೆದರು. ಅಲ್ಲಿ ಜೈನರೂ ಲಿಂಗಾಯತರೂ ಕನ್ನಡವನ್ನು, ಮುಸಲ್ಮಾನರು ಉರ್ದುವನ್ನು, ಇತರರು ಮರಾಠಿಯನ್ನು ಮನೆಯಲ್ಲಿ ಬಿಡದೆ ಆಡುತ್ತ, ಹೊರಗೆ ದಿನವೂ ಪರಸ್ಪರ ನುಡಿಗಳನ್ನು ಬಳಸುತ್ತ ಬಂದುದರಿಂದ, ಶಬ್ದಗಳು ಬೇರೆಯಾಗಿಯೇ ಉಳಿದು ವಾಕ್ಯದ ಎಲುಬುಗೂಡು ಬಹುಮಟ್ಟಿಗೆ ಒಂದಾಗಿತ್ತು. ‘ಇದು ನಿಮ್ಮ ಮನೆ’ ಎಂಬಷ್ಟರಿಂದಲೇ ಕನ್ನಡದ ವಾಕ್ಯ ಪೂರ್ಣವಾಗುತ್ತದೆ. ಅಲ್ಲಿಯ ಕನ್ನಡವಾದರೋ ಮರಾಠಿಯ ‘ಆಹೇ’ ಎಂಬುದಕ್ಕೆ ಸರಿಯಾಗಿ ‘ಐತಿ’ ಎಂಬುದನ್ನು ಸೇರಿಸುತ್ತದೆ. ನಮ್ಮ ಬಾಲಕನ ‘ಶಾಲೆ ಇದೆ’ ಎಂಬುದರ ಮೂಲ ಇದೇ. ಲಿಂಗಾಯತ ಸಮಾಜಕ್ಕೆ ಈ ಎರಡು ನುಡಿಗಳ ಬಾಳು ಹೊಸತಲ್ಲ. ಶರಣರ ವಚನಗಳು ಕನ್ನಡದಲ್ಲಿರುವಂತೆ ಮನ್ಮಥಸ್ವಾಮಿಗಳ ‘ಪರಮರಹಸ್ಯ’ವು ಮರಾಠಿಯಲ್ಲಿದೆ.

ಇನ್ನು ನೆರೆತನವು ಮುಟ್ಟದೆ ಬಿಟ್ಟ ಸ್ಥಾನಗಳು. ಕನ್ನಡದಲ್ಲಿ ಲಿಂಗವು ಅರ್ಥವನ್ನನುಸರಿಸುತ್ತದೆ. ಕಲ್ಲು, ರೊಟ್ಟಿ, ಮನೆ ಮೂರೂ ನಪುಂಸಕವೇ. ಮರಾಠಿಯಲ್ಲಿ ದಗಡ ಪುಲ್ಲಿಂಗ, ಭಾಕರೀ ಸ್ತ್ರೀಲಿಂಗ, ಘರ ನಪುಂಸಕಲಿಂಗ. ಬಸ್ಸು ಅಲ್ಲಿ ಸ್ತ್ರೀಲಿಂಗವಾದುದರಿಂದ ‘ಬಸ ಆಲೀ’. ಅದನ್ನೇ ಬಾಲಕನು ‘ಬಂದಳು’ ಎಂದು ಕನ್ನಡಿಸುತ್ತಾನೆ. ಭೂತಕಾಲದಲ್ಲಿ ತೊಡಕು ಇನ್ನೂ ಹೆಚ್ಚು. ‘ರಾಮನು ತಿಂದನು’, ‘ಸೀತೆ ತಿಂದಳು’ ಎಂದು ನಮ್ಮ ಕ್ರಿಯಾಪದ ಕರ್ತೃವನ್ನು ಹಿಂಬಾಲಿಸುತ್ತದೆ. ಮರಾಠಿಯಲ್ಲಿ ‘ಸೀತೇನೆ ಆಂಬಾ ಖಾಲ್ಲಾ’, ‘ರಾಮಾನೆ ಭಾಕರೀ ಖಾಲ್ಲೀ’; ತಿಂದವರು ಯಾರೆಂಬುದನ್ನು ಕ್ರಿಯಾಪದ ಕೇಳುವುದೇ ಇಲ್ಲ, ತಿಂದ ಪದಾರ್ಥದ ಲಿಂಗವನ್ನು ಹಿಡಿಯುತ್ತದೆ. ಸಂಸ್ಕೃತವನ್ನು ಓದಿದವರಿಗೆ ಇದು ಅಪರಿಚಿತವಲ್ಲ. ‘ಸೀತಯಾ ಫಲಂ ಖಾದಿತಮ್’ ಎಂಬ ಕರ್ಮಣಿ ಪ್ರಯೋಗವೇ ಮರಾಠಿಯಲ್ಲಿ ಮನೆಮಾತಾಗಿ ಇಳಿದು ಬಂದಿದೆ. ಕನ್ನಡದಲ್ಲಿ ಕರ್ಮಣಿಯು ಇಂದಿಗೂ ಪುಸ್ತಕದ ಅತಿಥಿ.

ಧ್ವನಿಯಲ್ಲಿ ಒಂದನ್ನು ಮಾತ್ರ ಹೇಳುವೆನು. ‘ಕೊಡು’, ‘ಕೋಡು’ ಎಂಬ ಹ್ರಸ್ವದೀರ್ಘ ಭೇದವು ಮರಾಠಿಯ ಒ-ಕಾರ, ಎ-ಕಾರಗಳಲ್ಲಿ ಇಲ್ಲ. ದೇವನಾಗರಿಯ ಬರವಣಿಗೆಯಲ್ಲಿ ಮರಾಠಿಗೆ ಒಂದೊಂದೇ ಚಿಹ್ನೆ. ಆದುದರಿಂದ ಉಕ್ತಲೇಖನದಲ್ಲಿ ಬರುವ ಇಂತಹ ತಪ್ಪು ಕಿವಿಯ ತಪ್ಪೇ ಹೊರತು ಉದಾಸೀನದ್ದಲ್ಲ. ಪದಗಳ ಕ್ರಮಕ್ಕೆ ಹೆಚ್ಚು ಪಾಠಗಳನ್ನು ವ್ಯಯಿಸದೆ ಲಿಂಗಕ್ಕೂ ಈ ಸ್ವರಗಳಿಗೂ ಅಧ್ಯಾಪಕರು ಪ್ರತ್ಯೇಕ ಪಾಠಗಳನ್ನು ಕೊಡುವುದು ಉಚಿತ.

ಬಾಲಕನ ಮನೆಮಾತಿನಲ್ಲಿರುವ ಒಂದು ಸೂಕ್ಷ್ಮ ಮಾತ್ರ ನಮ್ಮಲ್ಲಿಲ್ಲ. ಕೇಳುವವರನ್ನು ಬಿಟ್ಟು ‘ನಾವು’ ಎನ್ನುವುದಕ್ಕೆ ಮರಾಠಿಯಲ್ಲಿ ‘ಆಮ್ಹೀ’, ಅವರನ್ನೂ ಒಳಗೊಂಡರೆ ‘ಆಪಣ’. ತಮಿಳಿಗೆ ನಾಂಗಳ್-ನಾಮ್, ತೆಲುಗಿಗೆ ಮೇಮು-ಮನಮು ಎಂಬ ಜೋಡಿಗಳುಂಟು; ಇದು ದ್ರಾವಿಡ ಗುಣವೆಂದೂ, ಅದರ ನೆರೆಯಿಂದ ಮರಾಠಿಗೆ ಬಂದುದೆಂದೂ ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ದ್ರಾವಿಡವಾದ ಹೊಸಗನ್ನಡಕ್ಕೆ ಉಳಿದುದು ‘ನಾವು’ ಒಂದೇ. ‘ಗುರುಗಳೇ, ನಾವು ನಾಳೆ ಹಲಸಿಗೆ ಹೋಗುತ್ತೇವೆ’ ಎಂದು ಖಾನಾಪುರದ ಹುಡುಗನು ಹೇಳಿದರೆ, ಗುರುಗಳಿಗೂ ಕರೆ ಉಂಟೋ ಇಲ್ಲವೋ ಎಂಬುದನ್ನು ಅವನ ಮರಾಠಿಯಲ್ಲಿ ಕೇಳಿಯೇ ತಿಳಿಯಬೇಕು.