ಗೋಡೆಯ ಮೇಲಿನ ದಿನಚರಿ

ಪ್ರಶ್ನೆ: ಆಟಿಸಂ ಇರುವ ಮಕ್ಕಳ ಕಲಿಕಾ ಕೇಂದ್ರಗಳಲ್ಲಿ ಗೋಡೆಗೆ ಸಾಲಾಗಿ ಚಿತ್ರ ಅಂಟಿಸಿರುತ್ತಾರಲ್ಲ, ಏಕೆ?

ಅದು ಮಗುವಿನ ದಿನಚರಿ. ಚೀಲ ಇಡುವುದು, ಮಣಿ ಪೋಣಿಸುವುದು, ತಿಂಡಿ, ಉಯ್ಯಾಲೆ: ಮುಗಿದ ಕೆಲಸದ ಚಿತ್ರವನ್ನು ಮಗುವೇ ತೆಗೆದು ಡಬ್ಬಿಗೆ ಹಾಕುತ್ತದೆ. ಆಡಿದ ಮಾತು ಗಾಳಿಗೆ ಹೋಗುತ್ತದೆ, ಚಿತ್ರ ಅಲ್ಲೇ ಇರುತ್ತದೆ. ಮುಂದೇನೆಂದು ಕಣ್ಣಿಗೆ ಕಂಡರೆ ಅನೇಕ ಮಕ್ಕಳ ಆತಂಕ ಇಳಿಯುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ 1972ರಲ್ಲಿ ಕಟ್ಟಿದ ‘ಟೀಚ್’ ಕಾರ್ಯಕ್ರಮ ಈ ಕ್ರಮವನ್ನು ಬೆಳೆಸಿತು. ಆಟಿಸಂಗೆ ತಂದೆತಾಯಿಯನ್ನೇ ದೂರುತ್ತಿದ್ದ ಕಾಲದಲ್ಲಿ ಅವರನ್ನು ಜೊತೆಗಾರರನ್ನಾಗಿ ಮಾಡಿಕೊಂಡದ್ದು ಶಾಪ್ಲರ್ ಅವರ ದೊಡ್ಡತನ.

ಮಾತು ಬಾರದ ಮಗುವಿಗಂತೂ ಚಿತ್ರವೇ ನಾಲಿಗೆ.

1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ ‘ಪೆಕ್ಸ್’ ವಿಧಾನದಲ್ಲಿ ಮಗು ಬಿಸ್ಕತ್ತಿನ ಚಿತ್ರ ಕೊಟ್ಟ ತಕ್ಷಣ ಬಿಸ್ಕತ್ತು ಕೈಸೇರುತ್ತದೆ. ಆರಂಭದಲ್ಲಿ ಇಬ್ಬರು ಬೇಕು: ಒಬ್ಬರು ಎದುರು ಕೂತು ಚಿತ್ರ ಪಡೆಯುತ್ತಾರೆ, ಇನ್ನೊಬ್ಬರು ಹಿಂದಿನಿಂದ, ಮಾತಿಲ್ಲದೆ, ಕೈ ಹಿಡಿದು ನಡೆಸುತ್ತಾರೆ.