ಹಳೆಯ ವೇಗದ ಬಂಡಿಯೂ ಬಳ್ಳಾರಿಯ ಬಿಸಿಲೂ

ಮೋಟಾರು ಬಂಡಿಯನ್ನು ಓಡಿಸಬಲ್ಲವರು ಇಂದು ಮನೆಗೊಬ್ಬರಿದ್ದಾರೆ. ಅದರ ಮುಚ್ಚಳವನ್ನೆತ್ತಿ ಒಳಗೆ ನೋಡುವವರು ಬೀದಿಗೊಬ್ಬರು ಸಿಕ್ಕಿದರೆ ಹೆಚ್ಚು. ಹೊಸ ಬಂಡಿಯ ಮಟ್ಟಿಗೆ ಇದರಿಂದ ಅಷ್ಟೇನೂ ಬಾಧಕವಿಲ್ಲ. ಮಾರಿದ ಕಂಪೆನಿಯುಂಟು, ಅದರ ಗ್ಯಾರಂಟಿಯುಂಟು, ಗೊತ್ತಾದ ದಿನ ಬಂಡಿಯನ್ನು ಒಪ್ಪಿಸಿ ಬಂದರಾಯಿತು. ಇಪ್ಪತ್ತು ವರ್ಷ ದಾಟಿದ ಬಂಡಿಯ ಮಾತು ಹಾಗಲ್ಲ. ಅದನ್ನು ತಯಾರಿಸಿದವರು ಆ ಮಾದರಿಯನ್ನು ಬಿಟ್ಟು ಎಷ್ಟೋ ವರ್ಷಗಳಾಗಿರುತ್ತವೆ. ಕೆಲವು ವೇಳೆ ದೇಶದಲ್ಲಿ ಬಂಡಿ ಮಾಡುವುದನ್ನೇ ಬಿಟ್ಟಿರುತ್ತಾರೆ. ಆಗ ಅದರ ಯೋಗಕ್ಷೇಮವನ್ನು ನೋಡುವವರು ಯಾರು? ಬಹುಮಟ್ಟಿಗೆ ಅದರ ಒಡೆಯನೇ. ಈ ಹೊಣೆಯಲ್ಲಿ ಅವನು ತಾನೇ ಮಾಡತಕ್ಕದ್ದೆಷ್ಟು, ಬಲ್ಲವರಿಗೆ ಬಿಡತಕ್ಕದ್ದೆಷ್ಟು ಎಂಬುದನ್ನು ಇಲ್ಲಿ ವಿಚಾರಿಸೋಣ.

ವಿಚಾರಕ್ಕೆ ಒಂದು ಬಂಡಿಯೂ ಒಂದು ಊರೂ ಬೇಕು. ಬಂಡಿಗೆ ಫೋರ್ಡ್ ಐಕಾನನ್ನು ತೆಗೆದುಕೊಳ್ಳೋಣ. ಮದರಾಸಿನ ಬಳಿಯ ಮರೈಮಲೈ ನಗರದ ಕಾರ್ಖಾನೆಯಲ್ಲಿ ತಯಾರಾಗಿ 1999ರಲ್ಲಿ ಮಾರಾಟಕ್ಕೆ ಬಂದ ಈ ಬಂಡಿಗೆ ನಾಲ್ಕು ಬಾಗಿಲು, ಸಂಸಾರಕ್ಕೆ ಸಾಲುವಷ್ಟು ಆಸನ, ಹಿಂದೆ ಪೆಟ್ಟಿಗೆಗಳಿಗೆ ಸ್ಥಳ. ಆದರೆ 1.6 ಲೀಟರಿನ ಪೆಟ್ರೋಲು ಯಂತ್ರವುಳ್ಳ ಮಾದರಿಯಲ್ಲಿ ಸುಮಾರು 90 ಅಶ್ವಶಕ್ತಿಯಿತ್ತು. ಅಂದಿನ ದಿನಕ್ಕೆ ಅದು ಹೇರಳವಾದ ಬಲ. ಗೃಹಸ್ಥನ ಮೈಯಲ್ಲಿ ಪೈಲ್ವಾನನ ಎದೆಯಿಟ್ಟಂತಿದ್ದ ಇದನ್ನು ಜಾಹೀರಾತುಗಳಲ್ಲಿ 'ಜೋಶ್ ಮೆಷೀನ್' ಎಂದು ಕರೆದರು. ಇಂಥವನ್ನೇ ಸ್ಪೋರ್ಟ್ಸ್ ಸೆಡಾನ್ ಎನ್ನುವುದು. 2021ರಲ್ಲಿ ಫೋರ್ಡ್ ಕಂಪೆನಿ ಭಾರತದಲ್ಲಿ ಬಂಡಿಗಳನ್ನು ತಯಾರಿಸುವುದನ್ನು ನಿಲ್ಲಿಸುವುದಾಗಿ ಸಾರಿತು. ಬಿಡಿಭಾಗಗಳನ್ನು ಒದಗಿಸುವುದಾಗಿ ಹೇಳಿತಾದರೂ ಹಳೆಯ ಐಕಾನನ್ನು ಇಟ್ಟುಕೊಂಡವರು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕಾದ ಕಾಲ ಬಂದಿತು.

ಊರಿಗೆ ಬಳ್ಳಾರಿಯ ಸಮೀಪದ ಕೊಳಗಲ್ಲನ್ನು ತೆಗೆದುಕೊಳ್ಳೋಣ. ಅಲ್ಲಿ ನೆಲಸಿ ಬಳ್ಳಾರಿಗೆ ಹೋಗಿಬರುವವನೊಬ್ಬ ಇಂಥ ಬಂಡಿಯನ್ನಿಟ್ಟಿದ್ದಾನೆಂದು ಭಾವಿಸಿದರೆ, ಒಮ್ಮೆ ಕುರುಗೋಡಿಗೆ, ಒಮ್ಮೆ ಸಿರುಗುಪ್ಪಕ್ಕೆ, ಎಂದಾದರೊಮ್ಮೆ ಸಂಡೂರಿನ ಗುಡ್ಡಕ್ಕೆ ಅವನ ಪ್ರಯಾಣ. ಈ ಸೀಮೆಯಲ್ಲಿ ಬಂಡಿಗೆ ಮೂವರು ಶತ್ರುಗಳು: ಬಿಸಿಲು, ಧೂಳು, ಮುಳ್ಳು. ಕಂಪೆನಿಯ ಕೈಪಿಡಿ ಎಲ್ಲ ಊರುಗಳಿಗೂ ಒಂದೇ. ಅದನ್ನು ತನ್ನ ಊರಿಗೆ ಹೊಂದಿಸಿಕೊಳ್ಳುವುದೇ ಒಡೆಯನ ಮೊದಲ ವಿದ್ಯೆ.

ಬಿಸಿಲಿನಿಂದ ಆರಂಭಿಸೋಣ. ಯಂತ್ರದಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಗಾಲಿಗೆ ಸಲ್ಲುವುದು ಮೂರನೆಯ ಒಂದು ಪಾಲಿಗೂ ಕಡಮೆ. ಉಳಿದುದರಲ್ಲಿ ಒಂದು ದೊಡ್ಡ ಪಾಲು ಹೊಗೆಯೊಡನೆ ಹೋಗುತ್ತದೆ. ಇನ್ನೊಂದು ಪಾಲನ್ನು ರೇಡಿಯೇಟರು ಗಾಳಿಗೆ ಚೆಲ್ಲಬೇಕು. ಚಳಿದೇಶದಲ್ಲಿ ಈ ಕೆಲಸ ಸುಲಭ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ಮುಟ್ಟುವ ಬಳ್ಳಾರಿಯಲ್ಲಿ, ಅದರ ಮೇಲೆ ಡಾಂಬರಿನ ಕಾವು ಏಳುತ್ತಿರಲು, ಅದು ಕಷ್ಟಸಾಧ್ಯ. ಈ ಐಕಾನಿನ ಯಂತ್ರದಲ್ಲಿ ಕೆಳಗಿನ ಬ್ಲಾಕು ಎರಕದ ಕಬ್ಬಿಣ, ಮೇಲಿನ ಹೆಡ್ಡು ಅಲ್ಯುಮಿನಿಯಂ. ಕಾದಾಗ ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಗೊತ್ತಾದ ಉಷ್ಣತೆಯೊಳಗೆ ಎರಡೂ ಹೊಂದಿಕೊಂಡಿರುತ್ತವೆ. ಅದು ಮೀರಿತೋ, ಹೆಡ್ಡು ಸೊಟ್ಟಗಾಗುತ್ತದೆ; ನಡುವಣ ಗ್ಯಾಸ್ಕೆಟ್ಟು ಸುಡುತ್ತದೆ. ಕೆಲವು ನೂರು ರೂಪಾಯಿಯ ನಳಿಗೆ ಸೋರಿದುದನ್ನು ಕಾಣದೆ ಹೋದರೆ ಯಂತ್ರವನ್ನೇ ಬಿಚ್ಚಬೇಕಾಗುತ್ತದೆ. ಹಳೆಯ ಬಂಡಿಗಳು ಗುಜರಿಗೆ ಹೋಗುವ ಹೆದ್ದಾರಿಗಳಲ್ಲಿ ಇದೊಂದು.

ಆದಕಾರಣ ವಾರಕ್ಕೊಮ್ಮೆ, ಬೆಳಗಿನ ತಂಪಿನಲ್ಲಿ, ಯಂತ್ರ ಆರಿರುವಾಗ, ಮುಚ್ಚಳವನ್ನೆತ್ತಿ ಕೂಲೆಂಟಿನ ಮಟ್ಟವನ್ನು ನೋಡಬೇಕು. ಇಳಿದಿದ್ದರೆ ತುಂಬಿ ಸುಮ್ಮನಾಗಬಾರದು; ಹೋದುದೆಲ್ಲಿಗೆ ಎಂದು ಹುಡುಕಬೇಕು. ಈ ಬಂಡಿಯಲ್ಲಿ ಥರ್ಮೋಸ್ಟ್ಯಾಟನ್ನು ಇರಿಸಿದ ಗೂಡು ಪ್ಲಾಸ್ಟಿಕ್ಕಿನದು. ಕಾದು ಆರಿ, ಕಾದು ಆರಿ, ವರ್ಷಗಳಾದ ಮೇಲೆ ಅದು ಬಿರಿಯುವುದು ಐಕಾನ್ ಇಟ್ಟವರಲ್ಲಿ ಅನೇಕರಿಗೆ ಪರಿಚಿತವಾದ ಸಂಗತಿ. ಅಲ್ಲಿ ಒಣಗಿದ ಕೂಲೆಂಟಿನ ಕಲೆ ಕಂಡರೆ ಬೇಸಗೆಗೆ ಮೊದಲೇ ಗೂಡನ್ನು ಬದಲಾಯಿಸಬೇಕು. ರಬ್ಬರಿನ ನಳಿಗೆಗಳನ್ನು ಹಿಸುಕಿ ನೋಡಿದರೆ ಗಟ್ಟಿಯಾಗಿರುವುದೂ ಬಿರುಕೂ ಕೈಗೆ ತಿಳಿಯುತ್ತವೆ. ಏ.ಸಿ. ಹಾಕಿದೊಡನೆ ರೇಡಿಯೇಟರಿನ ಫ್ಯಾನು ತಿರುಗುವುದೇ ಎಂಬುದನ್ನು ಕಣ್ಣಾರೆ ಕಾಣಬೇಕು.

ತುಂಬುವ ನೀರಿನ ವಿಷಯದಲ್ಲಿಯೂ ಒಂದು ಮಾತುಂಟು. ನಮ್ಮ ಕಡೆಯ ಬೋರುನೀರಿನಲ್ಲಿ ಕರಗಿದ ಲವಣಗಳು ಹೆಚ್ಚು. ಚಹಾದ ಪಾತ್ರೆಯ ತಳದಲ್ಲಿ ಬಿಳಿಯ ಕಿಟ್ಟ ಕಟ್ಟುವುದನ್ನು ಗೃಹಿಣಿಯರು ಬಲ್ಲರು. ಅದೇ ಕಿಟ್ಟ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿ ಹಾದಿಯನ್ನು ಮುಚ್ಚುತ್ತದೆ. ಬಟ್ಟಿಯಿಳಿಸಿದ ನೀರಿಗೆ ಅಷ್ಟೇ ಪಾಲು ಕೂಲೆಂಟನ್ನು ಬೆರಸಿದರೆ ಕಿಟ್ಟವೂ ಇಲ್ಲ, ತುಕ್ಕೂ ಇಲ್ಲ, ಕುದಿಯುವ ಮಟ್ಟವೂ ಏರುತ್ತದೆ. ದಾರಿಯಲ್ಲಿ ಉಷ್ಣತೆಯ ಮುಳ್ಳು ಕೆಂಪಿಗೆ ಬಂದರೆ "ಊರು ಹತ್ತಿರವಿದೆ" ಎಂದು ಓಡಿಸಬಾರದು. ನೆರಳು ಕಂಡಲ್ಲಿ ನಿಲ್ಲಿಸಿ ಯಂತ್ರವನ್ನು ಆರಿಸಬೇಕು. ಕೂಲೆಂಟಿನ ಮುಚ್ಚಳವನ್ನು ಪೂರ್ತಿ ಆರುವವರೆಗೆ ಮುಟ್ಟಲೇಬಾರದು. ಒತ್ತಡದಲ್ಲಿ ಕುದಿಯದೆ ನಿಂತ ದ್ರವ, ಮುಚ್ಚಳ ಸಡಿಲಿದೊಡನೆ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಇನ್ನು ಧೂಳು. ಎರೆಯ ಹೊಲಗಳ ಕಪ್ಪು ಧೂಳು ಒಂದು ಕಡೆ, ಗಣಿಯ ಅದಿರು ಸಾಗುವ ಹಾದಿಗಳ ಕೆಂಪು ಧೂಳು ಇನ್ನೊಂದು ಕಡೆ. ಯಂತ್ರ ಒಂದು ಲೀಟರು ಪೆಟ್ರೋಲನ್ನು ಉರಿಸುವುದಕ್ಕೆ ಸುಮಾರು 9 ಸಾವಿರ ಲೀಟರು ಗಾಳಿಯನ್ನು ಉಸಿರಾಡುತ್ತದೆ. ಗಾಳಿಯೊಡನೆ ಹೋಗುವ ಮರಳಿನ ಕಣವು ಸಿಲಿಂಡರಿನ ಗೋಡೆಯನ್ನು ಸಾಣೆಯಂತೆ ಸವೆಸುತ್ತದೆ. ಇದನ್ನು ತಡೆಯುವುದು ಒಂದು ಕಾಗದದ ಫಿಲ್ಟರು ಮಾತ್ರ. ಅದನ್ನು ತೆಗೆದು ನೋಡುವುದಕ್ಕೆ ಐದು ನಿಮಿಷ ಸಾಕು. ಮೇಸ್ತ್ರಿಯ ಸಹಾಯವೇ ಬೇಡ. ಕೈಪಿಡಿಯಲ್ಲಿ ಹೇಳಿದ ಅವಧಿಯ ಅರ್ಧಕ್ಕೇ ಅದನ್ನು ಬದಲಾಯಿಸುವುದು ಇಲ್ಲಿನವರಿಗೆ ಮೇಲು. ಯಂತ್ರದ ಆಯಿಲಿಗೂ ಇದೇ ನ್ಯಾಯ. ಆಯಿಲನ್ನು ಮನೆಯಲ್ಲಿ ಬದಲಿಸುವುದು ಕಷ್ಟವಲ್ಲ. ಆದರೆ ಇಳಿಸಿದ ಕಪ್ಪು ಆಯಿಲನ್ನು ಮೋರಿಗೂ ಹೊಲದ ಬದುವಿಗೂ ಚೆಲ್ಲುವುದು ಊರಿನ ನೀರಿಗೆ ವಿಷವಿಕ್ಕಿದಂತೆ. ಡಬ್ಬಿಯಲ್ಲಿ ತುಂಬಿಟ್ಟು, ಅಂಥದನ್ನು ಶುದ್ಧಿಮಾಡಲು ಒಪ್ಪಿಸುವ ಗ್ಯಾರೇಜಿಗೆ ಕೊಡಬೇಕು. ಆಯಿಲು ತುಂಬುವ ಮುಚ್ಚಳದ ಒಳಮೈಗೆ ಮಜ್ಜಿಗೆಯಂಥ ಬಿಳಿಯ ಜಿಡ್ಡು ಬಹಳವಾಗಿ ಹತ್ತಿದ್ದು, ಕೂಲೆಂಟೂ ಇಳಿಯುತ್ತಿದ್ದರೆ, ನೀರೂ ಆಯಿಲೂ ಬೆರೆಯುತ್ತಿರುವ ಸಂಶಯಕ್ಕೆ ಎಡೆಯುಂಟು. ಆಗ ಬಂಡಿಯನ್ನು ಓಡಿಸದೆ ಮೇಸ್ತ್ರಿಯನ್ನು ಕರೆಯುವುದೇ ಸರಿ.

ಮೂರನೆಯ ಶತ್ರುವಿಗೆ ನಮ್ಮ ಜಿಲ್ಲೆಯ ಹೆಸರೇ ಇದೆ. ಅಮೆರಿಕ ಖಂಡದಿಂದ ಬಂದ ಮರವನ್ನು ಕನ್ನಡಿಗರು ಬಳ್ಳಾರಿ ಜಾಲಿ ಎಂದು ಕರೆದರು. ರಸ್ತೆಯ ಅಂಚಿನಲ್ಲಿ ಕಡಿದು ಹಾಕಿದ ಅದರ ಕೊಂಬೆ ಟೈರನ್ನು ಸುಲಭವಾಗಿ ಚುಚ್ಚುತ್ತದೆ. ಟ್ಯೂಬಿಲ್ಲದ ಟೈರಿನಲ್ಲಿ ನೆಟ್ಟ ಮುಳ್ಳನ್ನು ದಾರಿಯ ನಡುವೆ ಕೀಳಬಾರದು. ಗಾಳಿಯನ್ನು ಹಿಡಿದಿರುವುದು ಆ ಮುಳ್ಳೇ. ಮೆಲ್ಲನೆ ಪಂಕ್ಚರು ಅಂಗಡಿಗೆ ಒಯ್ಯಬೇಕು. ಸ್ಟೆಪ್ನಿಯ ಗಾಳಿಯನ್ನು ತಿಂಗಳಿಗೊಮ್ಮೆ ನೋಡಬೇಕು. ಸವೆಯದ ಟೈರೂ ಬಿಸಿಲಿಗೆ ಮುದಿಯಾಗುತ್ತದೆಂಬುದು ಅನೇಕರಿಗೆ ತಿಳಿಯದು. ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ: 2319 ಎಂದಿದ್ದರೆ 2019ನೆಯ ವರ್ಷದ 23ನೆಯ ವಾರ. ಸುಗ್ಗಿಯ ಕಾಲದಲ್ಲಿ ಒಕ್ಕಣೆಗೆಂದು ರಸ್ತೆಯ ಮೇಲೆ ಹುಲ್ಲನ್ನು ಹರಡಿರುವುದೂ ಉಂಟು. ಅದರ ಮೇಲೆ ಹಾಯ್ದು ಬಂದರೆ ಇಳಿದು ಬಂಡಿಯ ಅಡಿಯನ್ನು ನೋಡಬೇಕು. ಸುತ್ತಿಕೊಂಡ ಒಣಹುಲ್ಲು ಕಾದ ಹೊಗೆಕೊಳವೆಗೆ ತಗುಲಿದರೆ ಹೊತ್ತಿಕೊಳ್ಳಬಲ್ಲದು.

ಇದುವರೆಗೆ ಹೇಳಿದುದರಲ್ಲಿ ಬಹುಭಾಗ ನೋಡುವ ಕೆಲಸ, ಒರಸುವ ಕೆಲಸ, ಬದಲಿಸುವ ಕೆಲಸ. ಪಾನಾ ಹಿಡಿದ ಉತ್ಸಾಹದಲ್ಲಿ ಮನುಷ್ಯ ಇಷ್ಟಕ್ಕೇ ನಿಲ್ಲುವುದಿಲ್ಲ. ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಆಗ ಹುಟ್ಟುತ್ತದೆ. ಇದಕ್ಕೆ ಮೋಟಾರಿನ ಚರಿತ್ರೆಯ ಮೊದಲ ಪುಟದಲ್ಲಿಯೇ ಉತ್ತರ ಸಿಕ್ಕುತ್ತದೆ. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ಎಂಬ ಮಹಿಳೆ ತನ್ನ ಪತಿ ನಿರ್ಮಿಸಿದ ಬಂಡಿಯಲ್ಲಿ, ಇಬ್ಬರು ಗಂಡುಮಕ್ಕಳೊಡನೆ, ಜರ್ಮನಿಯ ಮ್ಯಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿಗೆ ಸುಮಾರು 100 ಕಿಲೋಮೀಟರು ಪ್ರಯಾಣ ಮಾಡಿದಳು. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ತಾನೇ ಬಿಡಿಸಿದಳು. ಆದರೆ ಬ್ರೇಕಿನ ಮರದ ತುಂಡುಗಳು ಸವೆದಾಗ ಮೋಚಿಯೊಬ್ಬನನ್ನು ಕಂಡು ಅವಕ್ಕೆ ತೊಗಲು ಹೊದಿಸಿದಳು. ತನಗೆ ಸಾಧ್ಯವಾದುದನ್ನು ತಾನೇ ಮಾಡಿ, ಪ್ರಾಣಕ್ಕೆ ಸಂಬಂಧಿಸಿದುದನ್ನು ಕೈಪಳಗಿದವನಿಂದ ಮಾಡಿಸಿದ ಈ ವಿವೇಕ ಇಂದಿಗೂ ಹಳತಾಗಿಲ್ಲ.

ವೇಗದ ಬಂಡಿಗೆ ಬ್ರೇಕಿನ ಮಾತು ಎರಡು ಪಟ್ಟು ಮುಖ್ಯ. ವೇಗ ಇಮ್ಮಡಿಯಾದರೆ ನಿಲ್ಲಿಸಬೇಕಾದ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಅಷ್ಟೂ ಬ್ರೇಕಿನಲ್ಲಿ ಶಾಖವಾಗಿ ಮಾರ್ಪಡಬೇಕು. ಬ್ರೇಕಿನ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಸ್ವಭಾವವುಂಟು. ಡಾಟ್ 4 ಎಂಬ ದರ್ಜೆಯ ಹೊಸ ದ್ರವ 230 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ನೂರಕ್ಕೆ ನಾಲ್ಕು ಪಾಲಿಗೂ ಕಡಮೆ ನೀರು ಸೇರಿದರೆ ಆ ಮಟ್ಟ 155ಕ್ಕೆ ಇಳಿಯಬಹುದು. ಸಿರುಗುಪ್ಪದ ಸಮದಾರಿಯಲ್ಲಿ ಇದರ ಕೇಡು ತೋರದು. ಸಂಡೂರಿನ ಗುಡ್ಡದ ಇಳಿಜಾರಿನಲ್ಲಿ ಬ್ರೇಕು ಕಾದಾಗ ದ್ರವ ಕುದಿದು, ಆವಿಯ ಗುಳ್ಳೆಗಳು ಸೇರಿ, ಪೆಡಲು ನೆಲಕ್ಕೆ ಹೋಗುತ್ತದೆ. ಆದುದರಿಂದ ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸಬೇಕು. ಅದರ ಮಟ್ಟವನ್ನೂ ಪ್ಯಾಡುಗಳ ದಪ್ಪವನ್ನೂ ಒಡೆಯನೇ ನೋಡಲಿ. ಬಿಚ್ಚಿ ಗಾಳಿ ತೆಗೆಯುವ ಕೆಲಸವನ್ನು ಬಲ್ಲ ಮೇಸ್ತ್ರಿಯ ಕೈಯಲ್ಲಿ, ತಾನು ಪಕ್ಕದಲ್ಲಿ ನಿಂತು ಮಾಡಿಸಲಿ. ಸ್ಟಿಯರಿಂಗಿಗೂ ಇದೇ ನಿಯಮ.

ಜಾಕಿಯ ವಿಷಯದಲ್ಲಿ ಮಾತ್ರ ಯಾವ ವಿನಾಯಿತಿಯೂ ಇಲ್ಲ. ಬಂಡಿಯೊಡನೆ ಕೊಟ್ಟ ಜಾಕಿ ಗಾಲಿ ಬದಲಿಸುವುದಕ್ಕೆಂದು ಮಾಡಿದುದು. ಅದರ ನಂಬಿಕೆಯ ಮೇಲೆ ಬಂಡಿಯ ಕೆಳಗೆ ತಲೆಯಿಡಬಾರದು. ಇಟ್ಟಿಗೆಯ ಒಟ್ಟು ಒಮ್ಮೆಲೆ ಪುಡಿಯಾಗುತ್ತದೆ. ಗಟ್ಟಿಯಾದ ಸಮನೆಲ, ಗಾಲಿಗೆ ಅಡ್ಡಗಲ್ಲು, ಮೈಯನ್ನು ಹೊರುವ ಉಕ್ಕಿನ ಸ್ಟ್ಯಾಂಡು, ಇವು ಮೂರೂ ಇಲ್ಲದಿದ್ದರೆ ಅಂದಿನ ಕೆಲಸವನ್ನು ಕೈಬಿಡುವುದೇ ಜಾಣತನ.

ಒಳ್ಳೆಯ ಒಂದು ಜೊತೆ ಪಾನಾಗಳು, ಟೈರಿನ ಗಾಳಿ ಅಳೆಯುವ ಗೇಜು, ಬ್ಯಾಟರಿಗೆ ಒಂದು ವೋಲ್ಟ್ ಮೀಟರು, ಒಂದು ಟಾರ್ಚು: ಪ್ರಾರಂಭಕ್ಕೆ ಇಷ್ಟು ಸಲಕರಣೆ ಸಾಕು. ಬಿಡಿಭಾಗ ಕೊಳ್ಳಲು ಹೋದಾಗ ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ, ಹೊಸದನ್ನು ಅದರೊಡನೆ ಹೋಲಿಸಿ ನೋಡಬೇಕು. ನಕಲಿ ಮಾಲು ಹೆಚ್ಚಾಗಿ ತೂಕದಲ್ಲಿಯೂ ಅಂಚಿನಲ್ಲಿಯೂ ಸಿಕ್ಕಿಬೀಳುತ್ತದೆ. ಇವೆಲ್ಲಕ್ಕಿಂತ ಬೆಲೆಯುಳ್ಳ ಸಲಕರಣೆ ಒಂದು ನೋಟುಪುಸ್ತಕ. ಕೊಳಗಲ್ಲಿನ ಕಲ್ಲಿನಲ್ಲಿ ಯಾರೋ ತೇದಿಯನ್ನು ಕೊರೆದುದರಿಂದ ರಾಷ್ಟ್ರಕೂಟರ ಮೂರನೆಯ ಕೃಷ್ಣನು ತೀರಿಹೋಗಿ ಖೊಟ್ಟಿಗನು ಪಟ್ಟಕ್ಕೆ ಬಂದ ಕಾಲ ಕ್ರಿ. ಶ. 967 ಎಂದು ಚರಿತ್ರಕಾರರಿಗೆ ತಿಳಿಯಿತು. ಬಂಡಿಯ ಚರಿತ್ರೆಗೂ ತೇದಿಯೇ ಆಧಾರ. ಎಂದು ಆಯಿಲು, ಎಷ್ಟನೆಯ ಕಿಲೋಮೀಟರಿಗೆ ಪ್ಯಾಡು, ಯಾವ ತಿಂಗಳಲ್ಲಿ ಕೂಲೆಂಟು ಎಷ್ಟು ಇಳಿಯಿತು ಎಂದು ಬರೆದಿಟ್ಟವನು ಮೇಸ್ತ್ರಿಯ ಬಳಿಗೆ ಹೋದಾಗ "ಏನೋ ಶಬ್ದ ಬರುತ್ತದೆ, ನೋಡಪ್ಪ" ಎನ್ನುವುದಿಲ್ಲ. ಯಾವ ವೇಗದಲ್ಲಿ, ಕಾದಾಗಲೋ ತಣ್ಣಗಿದ್ದಾಗಲೋ, ಯಾವ ಗಾಲಿಯ ಕಡೆಯಿಂದ ಎಂದು ಹೇಳಬಲ್ಲನು. ಅಂಥ ಗಿರಾಕಿಯನ್ನು ಕಂಡರೆ ಒಳ್ಳೆಯ ಮೇಸ್ತ್ರಿಗೂ ಗೌರವ. ಅವನ ಅರ್ಧ ದಿನ ಉಳಿಯುತ್ತದೆ, ಇವನ ಅರ್ಧ ಹಣ ಉಳಿಯುತ್ತದೆ.

ಕಾಯಿದೆಯ ಕಟ್ಟಳೆಯೊಂದಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಬಂಡಿಯನ್ನು ತಪಾಸಣೆಗೆ ಒಯ್ದು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಕೆಎ 34 ಎಂಬ ಬಳ್ಳಾರಿಯ ಗುರುತು ಹೊತ್ತ ಹಳೆಯ ಬಂಡಿಗಳಿಗೂ ಇದು ತಪ್ಪದು. ಇದನ್ನು ಕಿರುಕುಳವೆಂದು ಗೊಣಗುವವರಿದ್ದಾರೆ. ಆದರೆ ಐದು ವರ್ಷಕ್ಕೊಮ್ಮೆ ಅಧಿಕಾರಿ ನೋಡುವ ನೋಟ, ವಾರಕ್ಕೊಮ್ಮೆ ಒಡೆಯ ನೋಡುವ ನೋಟಕ್ಕೆ ಸಮವಾಗಲಾರದು. ಕುರುಗೋಡಿನ ದಾರಿಯಲ್ಲಿ ಎತ್ತಿನ ಗಾಡಿಗಳಿವೆ, ಶಾಲೆಯಿಂದ ನಡೆದು ಬರುವ ಮಕ್ಕಳಿದ್ದಾರೆ. 90 ಅಶ್ವಶಕ್ತಿಯ ಹಳೆಯ ಬಂಡಿ ಅವರ ಪಕ್ಕದಲ್ಲಿ ಹಾಯುವಾಗ, ಅದರ ಬ್ರೇಕಿನ ದ್ರವ ಯಾವ ವರ್ಷದ್ದೆಂಬುದು ಒಡೆಯನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಹಳೆಯ ಬಂಡಿಯನ್ನು ಪ್ರೀತಿಯಿಂದ ಇಟ್ಟುಕೊಂಡಿರುವ ಶ್ರೋತೃಗಳು ಬರುವ ಭಾನುವಾರ ಬಿಸಿಲೇರುವುದಕ್ಕೆ ಮುಂಚೆ ಒಂದು ಟಾರ್ಚನ್ನೂ ಒಂದು ನೋಟುಪುಸ್ತಕವನ್ನೂ ತೆಗೆದುಕೊಂಡು, ಮುಚ್ಚಳವನ್ನೆತ್ತಿ, ಮೊದಲನೆಯ ತೇದಿಯನ್ನು ಬರೆಯಲೆಂದು ಬಿನ್ನವಿಸುತ್ತೇವೆ.